ಅರಾಮಿಕ್ ಕಲಿಯಲು ಹೊರಟಿರುವ ಸಿಂಗಸಂದ್ರದವರಿಗೆ

ಮೊದಲ ಪಾಠವನ್ನು ಊರ ಹೆಸರಿನಿಂದಲೇ ಶುರು ಮಾಡೋಣ. ಒಂದು ಹಾಳೆ ತೆಗೆದುಕೊಂಡು ಬಲತುದಿಯಲ್ಲಿ ಪೆನ್ನು ಇಡಿ. ಅರಾಮಿಕ್ ಬಲದಿಂದ ಎಡಕ್ಕೆ ಬರೆಯುವ ಭಾಷೆ. ‘ಸಿಂಗಸಂದ್ರ’ ಎಂದು ಬರೆಯಲು ಸೆಮ್ಕಥ್, ಯೋದ್, ನೂನ್, ಗಾಮಲ್, ಮತ್ತೆ ಸೆಮ್ಕಥ್, ನೂನ್, ಆಮೇಲೆ ದಾಲಥ್, ರೇಶ್, ಕೊನೆಗೆ ಆಲಫ್ ಬೇಕು. ಒಂಬತ್ತು ಅಕ್ಷರ. ಇವುಗಳಲ್ಲಿ ದಾಲಥ್ ಮತ್ತು ರೇಶ್ ಎರಡಕ್ಕೂ ಆಕಾರ ಒಂದೇ. ಕೆಳಗೆ ಚುಕ್ಕೆ ಇಟ್ಟರೆ ‘ದ’, ಮೇಲೆ ಇಟ್ಟರೆ ‘ರ’. ನಮ್ಮ ಊರ ಹೆಸರಿನಲ್ಲಿ ಅವೆರಡೂ ಪಕ್ಕಪಕ್ಕದಲ್ಲೇ ಬರುತ್ತವೆ. ಹೊಸಬರು ತಿಂಗಳುಗಟ್ಟಲೆ ತಡವರಿಸುವ ಜೋಡಿ ಇದು. ಸಿಂಗಸಂದ್ರದವರಿಗೆ ಮೊದಲ ದಿನವೇ ಎದುರಾಗುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ‘ಗ’ದಲ್ಲಿರುವ ಅಕಾರವನ್ನು ನಾವು ಬರೆಯಲೇ ಇಲ್ಲ. ಕನ್ನಡದಲ್ಲಿ ವ್ಯಂಜನಕ್ಕೆ ಸ್ವರ ಅಂಟಿಕೊಂಡೇ ಇರುತ್ತದೆ, ಕಾಗುಣಿತ ಕಲಿತರೆ ಯಾವ ಪದವನ್ನಾದರೂ ಓದಬಹುದು. ಅರಾಮಿಕ್‌ನ ಇಪ್ಪತ್ತೆರಡು ಅಕ್ಷರಗಳೂ ಮೂಲತಃ ವ್ಯಂಜನಗಳು, ಊರ ಹೆಸರಿನಲ್ಲಿ ಬಂದ ಯೋದ್, ಆಲಫ್‌ನಂಥ ಕೆಲವು ಮಾತ್ರ ಸ್ವರವನ್ನೂ ಸೂಚಿಸುತ್ತವೆ. ಉಳಿದ ಸ್ವರಗಳನ್ನು ಬೇಕಿದ್ದರೆ ಚುಕ್ಕೆಗಳಿಂದ ಸೂಚಿಸುತ್ತಾರೆ, ಇಲ್ಲದಿದ್ದರೆ ಓದುವವರೇ ತುಂಬಿಕೊಳ್ಳಬೇಕು. ಇದನ್ನು ಕೇಳಿದ ಕೂಡಲೇ ಹಲವರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಈ ಭಾಷೆಯಲ್ಲಿ ಪದದ ಜೀವ ಇರುವುದೇ ವ್ಯಂಜನಗಳಲ್ಲಿ, ಅದನ್ನು ಮುಂದೆ ನೋಡೋಣ.

ಮೊದಲು, ಯಾವ ಅರಾಮಿಕ್ ಕಲಿಯುವುದು? ಮೂರು ಸಾವಿರ ವರ್ಷಗಳ ಚರಿತ್ರೆಯುಳ್ಳ ಭಾಷೆ ಒಂದೇ ರೂಪದಲ್ಲಿ ಇರಲಾರದು. ಇಂದಿನ ಸಿರಿಯಾ ಪ್ರದೇಶದ ಸಣ್ಣ ರಾಜ್ಯಗಳಲ್ಲಿ ಹುಟ್ಟಿದ ಇದನ್ನು ಅಸ್ಸೀರಿಯದವರು ಆಡಳಿತಕ್ಕೆ ಬಳಸಿದರು. ಪರ್ಷಿಯದ ಅಕೆಮೆನಿಡ್ ದೊರೆಗಳ ಕಾಲಕ್ಕೆ ಈಜಿಪ್ಟಿನಿಂದ ಗಂಧಾರದವರೆಗೆ ಕಚೇರಿಯ ಭಾಷೆ ಇದೇ. ನೈಲ್ ನದಿಯ ಎಲಿಫಂಟೈನ್ ದ್ವೀಪದಲ್ಲಿ ಕ್ರಿಸ್ತಪೂರ್ವ 5ನೇ ಶತಮಾನದ ಮದುವೆ ಕರಾರು, ಮನೆ ಮಾರಾಟ, ಸಾಲಪತ್ರಗಳು ಅರಾಮಿಕ್‌ನಲ್ಲಿ ಸಿಕ್ಕಿವೆ. ಬೈಬಲಿನ ದಾನಿಯೇಲ ಮತ್ತು ಎಜ್ರ ಗ್ರಂಥಗಳ ಕೆಲವು ಭಾಗಗಳು ಈ ಭಾಷೆಯವು. ಕನ್ನಡ ಬೈಬಲ್ ಓದುವವರಿಗೆ ‘ಅರಾಮ್ಯ’ ಎಂಬ ಹೆಸರು ಪರಿಚಿತ. ಯೇಸು ಆಡಿದ ಮಾತು ಗಲಿಲಾಯದ ಅರಾಮಿಕ್. ಯಹೂದಿಗಳ ಬಾಬಿಲೋನಿನ ತಾಲ್ಮುದ್‌ನಲ್ಲೂ ಹೆಚ್ಚಿನ ಪಾಲು ಇದರದೇ. ಇಂದಿಗೂ ಸಿರಿಯಾದ ಮಾಲೂಲಾ ಎಂಬ ಊರಿನಲ್ಲಿ, ಟರ್ಕಿಯ ತೂರ್ ಅಬ್ದೀನ್ ಬೆಟ್ಟಗಳಲ್ಲಿ, ಅಲ್ಲಿಂದ ವಲಸೆ ಹೋದವರ ಸ್ವೀಡನ್ನಿನ ಮನೆಗಳಲ್ಲಿ ಇದರ ಮಕ್ಕಳು ಮೊಮ್ಮಕ್ಕಳಂಥ ನುಡಿಗಳು ಉಳಿದಿವೆ.

ಇಷ್ಟು ರೂಪಗಳಲ್ಲಿ ಬೆಂಗಳೂರಿನವರು ಸುರಿಯಾನಿಯಿಂದ ಆರಂಭಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸುರಿಯಾನಿ ಎಂದರೆ ಎದೆಸ್ಸಾ ನಗರದ, ಅಂದರೆ ಇಂದಿನ ಟರ್ಕಿಯ ಉರ್ಫಾದ, ಅರಾಮಿಕ್. 373ರಲ್ಲಿ ತೀರಿಕೊಂಡ ಮಾರ್ ಎಫ್ರೇಮ್ ಕಾವ್ಯ ಬರೆದದ್ದು ಇದರಲ್ಲಿ. ಗ್ರೀಕ್ ವೈದ್ಯವೂ ತತ್ತ್ವಶಾಸ್ತ್ರವೂ ಅರಬ್ಬೀ ಭಾಷೆಗೆ ಹೋದದ್ದು ಬಹಳಮಟ್ಟಿಗೆ ಇದರ ಮೂಲಕ. ಅರಾಮಿಕ್‌ನ ಉಳಿದ ರೂಪಗಳಿಗೆ ಹೋಲಿಸಿದರೆ ಇದರಲ್ಲಿ ಉಳಿದಿರುವ ಸಾಹಿತ್ಯ ತುಂಬಾ ದೊಡ್ಡದು, ಕಾಗುಣಿತ ಸ್ಥಿರವಾದದ್ದು, ವ್ಯಾಕರಣ ಪುಸ್ತಕಗಳೂ ಒಳ್ಳೆಯವು. ಎಲ್ಲಕ್ಕಿಂತ ಮುಖ್ಯವಾಗಿ, ಕಿವಿಗೆ ಬೀಳುವ ಸುರಿಯಾನಿ ನಮ್ಮ ಹತ್ತಿರದಲ್ಲೇ ಇದೆ. ಸಿಂಗಸಂದ್ರದಿಂದ ಹೊಸೂರು ರಸ್ತೆಯಲ್ಲಿ ಪೇಟೆಯ ಕಡೆ ಹೋದರೆ ಧರ್ಮಾರಾಮ್ ಕಾಲೇಜು ಸಿಗುತ್ತದೆ. ಕೇರಳದ ಚೆತ್ತಿಪುಳದಿಂದ 1957ರಲ್ಲಿ ಬೆಂಗಳೂರಿಗೆ ಬಂದ ಸಂಸ್ಥೆ ಅದು. ಅದನ್ನು ನಡೆಸುವ ಸಿ.ಎಂ.ಐ. ಎಂಬ ಪಾದ್ರಿಗಳ ಸಂಘ ಕೇರಳದ ಸೀರೋ-ಮಲಬಾರ್ ಎಂಬ ಕ್ರೈಸ್ತ ಸಭೆಗೆ ಸೇರಿದ್ದು, ಆ ಸಭೆಯ ಪೂಜಾವಿಧಿಯ ಮೂಲಭಾಷೆ ಸುರಿಯಾನಿ. 1962ರಲ್ಲಿ ಪೂಜೆ ಮಲಯಾಳಂಗೆ ಬದಲಾಯಿತಾದರೂ ಹಳೆಯ ಹಾಡುಗಳನ್ನು ಬಲ್ಲವರು ಇದ್ದಾರೆ. ನಿಮ್ಮ ಆಫೀಸಿನಲ್ಲೋ ಪಿ.ಜಿ.ಯಲ್ಲೋ ಕೊಟ್ಟಾಯಂ ಕಡೆಯವರೊಬ್ಬರು ಇದ್ದರೆ, ಅವರ ಅಜ್ಜ ಅಜ್ಜಿಗೆ ಯಾವ ಸುರಿಯಾನಿ ಹಾಡು ಬರುತ್ತಿತ್ತು ಎಂದು ಕೇಳಿ ನೋಡಿ. ಪಾಠದ ಮೊದಲ ಸಹಾಯಕ ನಿಮಗೆ ಅಲ್ಲೇ ಸಿಗಬಹುದು.

ಕರ್ನಾಟಕದಲ್ಲಿ ಈ ಸಂಪ್ರದಾಯದ ಜನ ಹೊಸಬರಲ್ಲ. ಬೆಳ್ತಂಗಡಿಯಲ್ಲಿ 1999ರಿಂದ, ಮಂಡ್ಯದಲ್ಲಿ 2010ರಿಂದ ಸೀರೋ-ಮಲಬಾರ್ ಧರ್ಮಪ್ರಾಂತ್ಯಗಳಿವೆ. ಉಡುಪಿಯ ಬ್ರಹ್ಮಾವರದ ಕಥೆ ಇನ್ನೂ ಹಳೆಯದು: ಗೋವಾದ ಪಾದ್ರಿ ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪ್ ಆದರು, ಅವರ ಜೊತೆ ನಿಂತ ಬ್ರಹ್ಮಾವರದ ಕೊಂಕಣಿ ಮಾತಿನ ಕುಟುಂಬಗಳು ಇಂದಿಗೂ ಮಲಂಕರ ಆರ್ಥೊಡಾಕ್ಸ್ ಸಭೆಯಲ್ಲಿವೆ.

ಆದರೆ ನನ್ನ ವಿದ್ಯಾರ್ಥಿಗಳಿಗೆ ನಾನು ಬಹಳ ಹೊತ್ತು ಹೇಳುವುದು ಇದಕ್ಕೂ ಹಿಂದಿನ ಎರಡು ಸಂಗತಿಗಳನ್ನು. ಒಂದು ಚಿತ್ರದುರ್ಗ ಜಿಲ್ಲೆಯ ಬಂಡೆಯ ಮೇಲಿದೆ, ಇನ್ನೊಂದು ಮಂಗಳೂರಿನಲ್ಲಿ ಬರೆದ ಕಾಗದ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಬಿ.ಎಲ್. ರೈಸ್ 1892ರಲ್ಲಿ ಗುರುತಿಸಿದ್ದು. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಚಪಡ ಎಂದು ಹೇಳಿ, ‘ಲಿಪಿಕಾರ’ ಎಂಬ ಅರ್ಥದ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಕೆತ್ತಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ, ಅರಾಮಿಕ್ ಲಿಪಿಯಿಂದ ಹುಟ್ಟಿದ್ದು. ಅದೇ ಅಶೋಕ ತಕ್ಷಶಿಲೆಯಲ್ಲೂ ಕಂದಹಾರದಲ್ಲೂ ಅರಾಮಿಕ್‌ನಲ್ಲೇ ಶಾಸನ ಹಾಕಿಸಿದ್ದಾನೆ. ಕಂದಹಾರದ ಗ್ರೀಕ್-ಅರಾಮಿಕ್ ಶಾಸನ ಬೆಳಕಿಗೆ ಬಂದದ್ದು 1958ರಲ್ಲಿ. ಗಂಧಾರದ ಕಡೆ ಲೇಖಕವೃತ್ತಿ ಕಲಿತ ಒಬ್ಬ ಕುಶಲಿ ನಮ್ಮ ಬಯಲುಸೀಮೆಗೆ ಬಂದು, ತನ್ನ ವೃತ್ತಿಯ ಹೆಸರನ್ನು ತನ್ನ ಕೈಗೆ ಒಗ್ಗಿದ ಅಕ್ಷರದಲ್ಲಿ ಬರೆದ ಎಂದೇ ನಾನು ಅದನ್ನು ಓದುತ್ತೇನೆ. ಅಕ್ಷರಮಾಲೆ ಕಲಿತ ಮೇಲೆ ಒಮ್ಮೆ ಬ್ರಹ್ಮಗಿರಿಗೆ ಹೋಗಿ ಬನ್ನಿ.

ಎರಡನೆಯದು 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಪತ್ರ. ಟ್ಯುನಿಷಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ಇದ್ದು ಮೆಣಸು, ಕಬ್ಬಿಣ, ಹಿತ್ತಾಳೆ ಸಾಮಾನಿನ ವ್ಯಾಪಾರ ಮಾಡಿದ. ಅವನ ಕಾಗದಗಳು ಹಳೆ ಕೈರೋದ ಬೆನ್ ಎಜ್ರಾ ಸಿನಗಾಗಿನ ಗೆನಿಜಾದಲ್ಲಿ, ಹಳೆಯ ಬರಹಗಳನ್ನು ಎಸೆಯದೆ ಕೂಡಿಡುವ ಕೋಣೆಯಲ್ಲಿ, ಉಳಿದುಕೊಂಡವು. ಅಮಿತಾವ್ ಘೋಷ್ 1992ರಲ್ಲಿ ಬರೆದ ಪುಸ್ತಕದಿಂದ ಅವನೂ ಅವನ ಆಳು ಬೊಮ್ಮನೂ ಅನೇಕರಿಗೆ ಪರಿಚಯ. ಅಕ್ಟೋಬರ್ 17ರ ಪತ್ರದಲ್ಲಿ ಬೆನ್ ಯಿಜು ಅಶು ಎಂಬ ಹೆಣ್ಣಾಳನ್ನು ದಾಸ್ಯದಿಂದ ಬಿಡುಗಡೆ ಮಾಡುತ್ತಾನೆ. ಯಹೂದಿ ಕಾನೂನಿನಲ್ಲಿ ಮದುವೆ ಪತ್ರಕ್ಕೂ ವಿಚ್ಛೇದನಕ್ಕೂ ಇಂಥ ಬಿಡುಗಡೆ ಪತ್ರಕ್ಕೂ ಪರಂಪರೆಯಿಂದ ಬಂದ ಭಾಷೆ ಅರಾಮಿಕ್. ಅವುಗಳನ್ನು ಬರೆಯುವ ಚೌಕ ಅಕ್ಷರಗಳನ್ನು ನಾವು ಇಂದು ಹೀಬ್ರೂ ಲಿಪಿ ಎನ್ನುತ್ತೇವೆ, ಮೂಲದಲ್ಲಿ ಅವೂ ಅರಾಮಿಕ್ ಅಕ್ಷರಗಳೇ. ದಾಸಿಯಾಗಿದ್ದ ಹೆಣ್ಣಿಗೆ ಇನ್ನು ನೀನು ನಿನ್ನವಳೇ ಎಂದು ಮಂಗಳೂರಿನಲ್ಲಿ ಕೂತು ಬರೆದುಕೊಟ್ಟ ಪತ್ರ ಅದು. ಭಾಷೆಯ ಜೊತೆ ಸಂಸ್ಕೃತಿಯನ್ನು ಕಲಿಯುವುದು ಎಂದರೆ ಇಂಥ ಪತ್ರಗಳನ್ನು ಓದುವ ಹಂತಕ್ಕೆ ಬರುವುದು. ಧರ್ಮಗ್ರಂಥಗಳು ಮುಖ್ಯವೇ, ಆದರೆ ಸಾಮಾನ್ಯ ಜನರ ಬದುಕು ಹೆಚ್ಚಾಗಿ ಕರಾರು, ರಸೀದಿ, ಪತ್ರಗಳಲ್ಲಿ ಸಿಗುತ್ತದೆ.

ಈಗ ವ್ಯಾಕರಣಕ್ಕೆ ಬರೋಣ. ಕನ್ನಡದಲ್ಲಿ ಧಾತು ಮುಂದೆ ನಿಲ್ಲುತ್ತದೆ, ಪ್ರತ್ಯಯಗಳು ಹಿಂದೆ ಸಾಲಾಗಿ ಸೇರುತ್ತವೆ: ಬರೆ, ಬರೆದ, ಬರೆದಳು, ಬರೆದೆ. ಸುರಿಯಾನಿಯಲ್ಲಿ ಧಾತು ಸಾಮಾನ್ಯವಾಗಿ ಮೂರು ವ್ಯಂಜನಗಳದು, ಅವುಗಳ ನಡುವೆ ಸ್ವರಗಳು ಬದಲಾಗುತ್ತವೆ. ಕ-ತ-ಬ ಎಂಬ ಧಾತುವಿನಿಂದ ‘ಕ್ಥವ್’ ಎಂದರೆ ಅವನು ಬರೆದ, ‘ಕೆಥ್ಬಥ್’ ಎಂದರೆ ಅವಳು ಬರೆದಳು, ‘ಕೆಥ್ಬೆಥ್’ ಎಂದರೆ ನಾನು ಬರೆದೆ, ‘ಕ್ಥಾವಾ’ ಎಂದರೆ ಪುಸ್ತಕ. ಭೂತಕಾಲದಲ್ಲಿ ಯಾರು ಬರೆದರು ಎಂಬ ಗುರುತು ಪದದ ಕೊನೆಯಲ್ಲಿ ಬರುತ್ತದೆ, ನಮ್ಮ ಹಾಗೆಯೇ. ಮುಂದೆ ನಡೆಯುವುದನ್ನು ಹೇಳುವಾಗ ಮಾತ್ರ ಗುರುತು ಪದದ ಮುಂದಕ್ಕೆ ಹಾರುತ್ತದೆ: ‘ನೆಖ್ತೊವ್’ ಅಂದರೆ ಅವನು ಬರೆಯುವನು, ‘ಎಖ್ತೊವ್’ ಅಂದರೆ ನಾನು ಬರೆಯುವೆನು. ಕನ್ನಡಿಗರಿಗೆ ನಿಜವಾಗಿ ಹೊಸದು ಈ ಮುಂದಿನ ಗುರುತು. ಇದಕ್ಕೆ ಎರಡು ವಾರ ಕೊಡಿ.

ಮೇಲಿನ ಪದಗಳಲ್ಲಿ ಒಂದೇ ಅಕ್ಷರ ಕೆಲವೆಡೆ ‘ಬ’, ಕೆಲವೆಡೆ ‘ವ’ ಆಗಿದ್ದನ್ನು ನೋಡಿದಿರಾ? ಬ, ಗ, ದ, ಕ, ಪ, ತ ಎಂಬ ಆರು ಅಕ್ಷರಗಳು ಸ್ವರದ ನಂತರ ಬಂದಾಗ ಮೆತ್ತಗಾಗುತ್ತವೆ. ನಿಯಮವನ್ನು ಬಾಯಿಪಾಠ ಮಾಡುವುದಕ್ಕಿಂತ ಗಟ್ಟಿಯಾಗಿ ಓದುವುದೇ ಒಳ್ಳೆಯದು. ಕಿವಿ ಅದನ್ನು ತಾನೇ ಹಿಡಿದುಕೊಳ್ಳುತ್ತದೆ. ಗಂಟಲಿನ ಆಳದಿಂದ ಬರುವ ‘ಏ’, ‘ಹೇಥ್’, ‘ಕೋಫ್’ ಸದ್ದುಗಳು ಮೊದಲ ತಿಂಗಳು ಸರಿಯಾಗಿ ಬಾರದಿದ್ದರೂ ಚಿಂತೆ ಬೇಡ.

ಉಚ್ಚಾರಣೆಯಲ್ಲಿ ಪೂರ್ವ, ಪಶ್ಚಿಮ ಎಂಬ ಎರಡು ಪದ್ಧತಿಗಳಿವೆ. ಶಾಂತಿ ಎಂಬುದಕ್ಕೆ ಪೂರ್ವದವರು ‘ಶ್ಲಾಮಾ’ ಎಂದರೆ ಪಶ್ಚಿಮದವರು ‘ಶ್ಲೋಮೋ’ ಎನ್ನುತ್ತಾರೆ. ಸೀರೋ-ಮಲಬಾರ್‌ನವರದು ಪೂರ್ವ, ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಸಭೆಗಳವರದು ಪಶ್ಚಿಮ. ನೀವು ಯಾರ ಜೊತೆ ಕೂತು ಓದುತ್ತೀರೋ ಅವರದನ್ನು ಹಿಡಿಯಿರಿ, ಮೊದಲ ವರ್ಷ ಬೆರೆಸಬೇಡಿ. ಲಿಪಿಯಲ್ಲಿಯೂ ಮೂರು ಬಗೆ ಇವೆ. ಹಳೆಯ ಎಸ್ತ್ರಾಂಗೆಲಾದಿಂದ ಶುರು ಮಾಡಿದರೆ ಉಳಿದವು ಸುಲಭ.

ಸಾಫ್ಟ್‌ವೇರ್ ಕೆಲಸದಲ್ಲಿರುವ ನಿಮಗೆ ಇಷ್ಟವಾಗಬಹುದಾದ ಒಂದು ವಿಷಯ: ಕೇರಳದ ಸುರಿಯಾನಿ ಕ್ರೈಸ್ತರು ಮಲಯಾಳವನ್ನೇ ಸುರಿಯಾನಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅದಕ್ಕೆ ಕರ್ಶೋನಿ ಎಂದು ಹೆಸರು. ಟ, ಣ, ಳ ಮುಂತಾದ ಸದ್ದುಗಳಿಗೆ ಸುರಿಯಾನಿಯಲ್ಲಿ ಅಕ್ಷರವಿಲ್ಲದ್ದರಿಂದ ಮಲಯಾಳಂನಿಂದ ಅಕ್ಷರಗಳನ್ನು ತಂದುಕೊಂಡರು. ಆ ಹನ್ನೊಂದು ಅಕ್ಷರಗಳು 2017ರಲ್ಲಿ ಯೂನಿಕೋಡ್‌ಗೆ ಸೇರಿದವು. ಕನ್ನಡಕ್ಕೂ ಅವು ಒಪ್ಪುತ್ತವೆ. ನಿಮ್ಮ ಹೆಸರಿನಲ್ಲಿ ಳಕಾರವೋ ಣಕಾರವೋ ಇದ್ದರೆ ಅವನ್ನು ಬಳಸಿ ಬರೆದು ನೋಡಿ.

ವ್ಯವಸ್ಥಿತವಾಗಿ, ಪದವಿಗಾಗಿ ಓದಬೇಕೆನ್ನುವವರಿಗೆ ಹತ್ತಿರದ ಕೇಂದ್ರ ಕೊಟ್ಟಾಯಂನ ಸೇಂಟ್ ಎಫ್ರೇಮ್ ಎಕ್ಯುಮೆನಿಕಲ್ ಸಂಶೋಧನಾ ಸಂಸ್ಥೆ. 1985ರಲ್ಲಿ ಆರಂಭವಾಗಿ, ಮಹಾತ್ಮ ಗಾಂಧಿ ವಿಶ್ವವಿದ್ಯಾಲಯದ ಮಾನ್ಯತೆಯಲ್ಲಿ ಸುರಿಯಾನಿ ಎಂ.ಎ. ಕಲಿಸಿದ ಸಂಸ್ಥೆ ಅದು. ಮನೆಯಲ್ಲೇ ತಯಾರಾಗುವವರಿಗೆ ಥ್ಯಾಕ್ಸ್‌ಟನ್ ಅವರ ವ್ಯಾಕರಣ ಅಥವಾ ಜಾರ್ಜ್ ಕಿರಾಜ್ ಅವರ ಪ್ರವೇಶಪುಸ್ತಕ ಸಾಕು. ನಿಘಂಟಿಗೆ ಪೇಯ್ನ್ ಸ್ಮಿತ್ ಅವರ 1903ರ ಸಂಕ್ಷಿಪ್ತ ಕೋಶ ಇಂದಿಗೂ ನಡೆಯುತ್ತದೆ. ಸಿಲ್ಕ್ ಬೋರ್ಡ್ ದಾಟಿ ದಣಿದು ಬಂದ ಸಂಜೆ ಒಂದು ಗಂಟೆ ಕೂರುತ್ತೇನೆ ಎಂದು ಹಟ ಹಿಡಿಯಬೇಡಿ. ದಿನಕ್ಕೆ ಇಪ್ಪತ್ತು ನಿಮಿಷ, ಕೈಯಲ್ಲಿ ಬರೆದು, ಬಾಯಲ್ಲಿ ಓದಿ; ಆಪ್‌ನಲ್ಲಿ ತೋರುಬೆರಳು ಒತ್ತಿ ಕಲಿತ ಅಕ್ಷರ ಬೇಗ ಮರೆತುಹೋಗುತ್ತದೆ.

ಎರಡನೇ ಅವಧಿಗೆ ಓದಲು ಏನು ಎಂದು ಈಗಲೇ ಹೇಳುತ್ತೇನೆ. ದುರ್ಗಸಿಂಹ 11ನೇ ಶತಮಾನದಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದಕ್ಕೂ ಸುಮಾರು ನಾನೂರೈವತ್ತು ವರ್ಷ ಮೊದಲು, 6ನೇ ಶತಮಾನದಲ್ಲಿ, ಬೂದ್ ಎಂಬಾತ ಅದೇ ಕಥೆಗಳನ್ನು ಪರ್ಷಿಯದ ಪಹ್ಲವಿಯಿಂದ ಸುರಿಯಾನಿಗೆ ತಂದಿದ್ದ. ಆ ಪಹ್ಲವಿ ಪಾಠ ಕಳೆದುಹೋಯಿತು, ಸುರಿಯಾನಿ ಉಳಿಯಿತು. ಅಲ್ಲಿ ಕರಟಕ, ದಮನಕ ಎಂಬ ನರಿಗಳ ಹೆಸರು ಕಲಿಲಗ್ ಮತ್ತು ದಮ್ನಗ್. ಕಥೆ ನಿಮಗೆ ಆಗಲೇ ಗೊತ್ತಿರುವುದರಿಂದ ಗೊತ್ತಿಲ್ಲದ ಪದದ ಅರ್ಥವನ್ನು ಊಹಿಸಿಕೊಂಡು ಮುಂದೆ ಹೋಗಬಹುದು, ನಿಘಂಟನ್ನು ಆಮೇಲೆ ತೆರೆದರಾಯಿತು. ಸಿಂಹವೂ ಎತ್ತೂ ಗೆಳೆಯರಾಗುವ ಭಾಗದಿಂದ ಆರಂಭಿಸಿ. ವಾರಕ್ಕೆ ಅರ್ಧ ಪುಟ ಸಾಕು.