ಪರಿಹಾರವೆಂಬ ಹಕ್ಕು: ಗಾಯಗೊಂಡ ಶ್ರಮಿಕನ ನ್ಯಾಯಮಾರ್ಗ

‘ಪರಿಹಾರ’ವೆಂಬುದು ಸಂಸ್ಕೃತದ ಪದ. ‘ಹೃ’ ಧಾತುವಿಗೆ ‘ಪರಿ’ ಎಂಬ ಉಪಸರ್ಗ ಕೂಡಿ ನೀಗಿಸುವುದು, ತೊಲಗಿಸುವುದು ಎಂಬ ಅರ್ಥವನ್ನು ಕೊಡುತ್ತದೆ. ‘ಹಕ್ಕು’ ಅರಬ್ಬೀ ಮೂಲದಿಂದ ಕನ್ನಡಕ್ಕೆ ಬಂದುದು. ಸತ್ಯವಾದದ್ದು, ನ್ಯಾಯವಾಗಿ ಸಲ್ಲತಕ್ಕದ್ದು ಎಂಬುದು ಅದರ ಮೂಲಾರ್ಥ. ಕಳೆದುಹೋದ ಕೈಯನ್ನು ಯಾವ ಶಾಸನವೂ ಮರಳಿ ತಂದುಕೊಡಲಾರದು. ಆದರೆ ಆ ಕೈ ದುಡಿದು ತರುತ್ತಿದ್ದ ಅನ್ನಕ್ಕೆ ಬದಲಾಗಿ ಸಲ್ಲಬೇಕಾದುದು ದಾನವಲ್ಲ, ದಯೆಯೂ ಅಲ್ಲ. ಅದು ಸತ್ಯವಾದ ಸಲಿಗೆ. ಈ ಭೇದವನ್ನು ಅರಿಯದಿರುವುದರಿಂದಲೇ ಎಷ್ಟೋ ಮನೆಗಳು ದಾರಿದ್ರ್ಯಕ್ಕೆ ಬಿದ್ದಿವೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಗಳು ದುಡಿಮೆಯ ಸೀಮೆಗಳು. 1880ರ ದಶಕದಲ್ಲಿ ಘಟಪ್ರಭೆಯ ಜಲಪಾತದ ಬಳಿ ನೂಲಿನ ಗಿರಣಿ ತಲೆಯೆತ್ತಿತು. ಕಬ್ಬಿನ ಬೆಳೆ ಹಬ್ಬಿದಂತೆ ಸಂಕೇಶ್ವರದ ಹಿರಣ್ಯಕೇಶಿ ಮೊದಲಾದ ಸಕ್ಕರೆ ಕಾರ್ಖಾನೆಗಳು ಬಂದವು. ಬೆಲ್ಲದ ಗಾಣಗಳಂತೂ ಹಳೆಯವು. ಯಂತ್ರವಿದ್ದೆಡೆ ಅಪಾಯವೂ ಉಂಟು. ಗಾಣದ ಉರುಳೆಗೆ ಸಿಕ್ಕ ಕೈ, ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ಮುರಿದ ಬೆನ್ನು, ಕುದಿಯುವ ಕಾಕಂಬಿಯಿಂದ ಬೆಂದ ಮೈ: ಇವೆಲ್ಲ ಊಹೆಗೆ ನಿಲುಕದ ಸಂಗತಿಗಳಲ್ಲ.

ಹಿಂದೆ ಗಾಯಗೊಂಡವನು ಮಾಲಕನ ಅಲಕ್ಷ್ಯವನ್ನು ನ್ಯಾಯಾಲಯದಲ್ಲಿ ಸಾಧಿಸಿ ತೋರಿಸಬೇಕಾಗಿತ್ತು. ಬಡವನಿಗೆ ಅದು ಅಸಾಧ್ಯಪ್ರಾಯವಾದ ಕಾರ್ಯ. ಈ ಭಾರವನ್ನು ಇಳಿಸಿದುದು 1923ರ ಕಾರ್ಮಿಕ ಪರಿಹಾರ ಕಾಯ್ದೆ. ಅದು 1924ರ ಜುಲೈ 1ರಿಂದ ಜಾರಿಗೆ ಬಂದಿತು. 2009ರ ತಿದ್ದುಪಡಿಯಿಂದ ಅದಕ್ಕೆ ನೌಕರರ ಪರಿಹಾರ ಕಾಯ್ದೆಯೆಂಬ ಹೆಸರಾಯಿತು. 2025ರ ನವೆಂಬರ್ 21ರಿಂದ ಜಾರಿಗೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಅದರ ಸ್ಥಾನವನ್ನು ಪಡೆದು, ಅದರ ಮುಖ್ಯ ತತ್ತ್ವಗಳನ್ನು ತನ್ನಲ್ಲಿ ಉಳಿಸಿಕೊಂಡಿದೆ. ಆ ತತ್ತ್ವವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಕೆಲಸದ ನಿಮಿತ್ತವಾಗಿ, ಕೆಲಸದ ಅವಧಿಯಲ್ಲಿ ಅಪಘಾತ ಸಂಭವಿಸಿದ್ದರೆ ಸಾಕು, ಮಾಲಕನ ತಪ್ಪನ್ನು ತೋರಿಸಬೇಕಾದ ಅಗತ್ಯವಿಲ್ಲ.

ಇದಕ್ಕೆ ಕೆಲವು ಅಪವಾದಗಳುಂಟು. ಮದ್ಯಪಾನದಿಂದಾಗಲಿ, ಸುರಕ್ಷತೆಯ ನಿಯಮವನ್ನು ಬುದ್ಧಿಪೂರ್ವಕವಾಗಿ ಮೀರಿದ್ದರಿಂದಾಗಲಿ ಒದಗಿದ ಗಾಯಕ್ಕೆ ಪರಿಹಾರವಿಲ್ಲ. ಆದರೆ ಮರಣ ಅಥವಾ ಶಾಶ್ವತವಾದ ಪೂರ್ಣ ಅಶಕ್ತತೆ ಸಂಭವಿಸಿದಲ್ಲಿ ಈ ಅಪವಾದಗಳೂ ನಿಲ್ಲುವುದಿಲ್ಲ.

ಪರಿಹಾರಕ್ಕೆ ದಾರಿಗಳು ಎರಡು. ಮೊದಲನೆಯದು 1948ರ ಕಾಯ್ದೆಯಿಂದ ಮೊದಲಾದ ರಾಜ್ಯ ವಿಮೆ, ಎಂದರೆ ಜನರ ಮಾತಿನ ಇ.ಎಸ್.ಐ. ನೂಲಿನ ಗಿರಣಿಯಂತೆ ವರ್ಷವಿಡೀ ನಡೆಯುವ ಕಾರ್ಖಾನೆಗಳ ವಿಮಾದಾರರಿಗೆ ಇದು ಅನ್ವಯಿಸುತ್ತದೆ. ಇಲ್ಲಿ ಚಿಕಿತ್ಸೆಯೂ ನಿಯತಕಾಲಿಕ ಹಣವೂ ನಿಗಮದಿಂದ ಬರುತ್ತವೆ. ಸಕ್ಕರೆ ಹಾಗೂ ಬೆಲ್ಲದ ತಯಾರಿಕೆಯನ್ನಾದರೋ ಶಾಸನವು ಹಂಗಾಮಿನ ಉದ್ಯಮವೆಂದು ಗಣಿಸಿ ಈ ವಿಮೆಯಿಂದ ಹೊರಗಿಟ್ಟಿತು. ಅಲ್ಲಿಯ ಶ್ರಮಿಕನಿಗೆ ಎರಡನೆಯ ದಾರಿ, ಅಂದರೆ ಮಾಲಕನೇ ಪರಿಹಾರ ಕೊಡುವ ದಾರಿ. ಈ ಸೀಮೆಯಲ್ಲಿ ಕಬ್ಬನ್ನೇ ನಂಬಿದವರು ಬಹಳವಾದುದರಿಂದ ಈ ಭೇದವನ್ನು ಮರೆಯಲಾಗದು.

ಪರಿಹಾರದ ಮೊತ್ತವು ಯಾರೊಬ್ಬರ ಇಚ್ಛೆಗೂ ಬಿಟ್ಟುದಲ್ಲ, ಅದಕ್ಕೊಂದು ಲೆಕ್ಕವಿದೆ. 1923ರ ಕಾಯ್ದೆಯ ಕ್ರಮವನ್ನೇ ನೋಡಬಹುದು. ಮರಣಕ್ಕೆ ತಿಂಗಳ ವೇತನದ ಶೇಕಡ 50, ಪೂರ್ಣ ಅಶಕ್ತತೆಗೆ ಶೇಕಡ 60. ಅದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು. 2020ರ ಜನವರಿಯಿಂದ ಈ ಲೆಕ್ಕಕ್ಕೆ ವೇತನದ ಮಿತಿ 15,000 ರೂಪಾಯಿಯಾಗಿತ್ತು. ಉದಾಹರಣೆಗೆ, ತಿಂಗಳಿಗೆ 12,000 ರೂಪಾಯಿ ದುಡಿಯುವ 30 ವರ್ಷದವನ ಒಂದು ಹಸ್ತ ಗಾಣದಲ್ಲಿ ಹೋಯಿತೆನ್ನೋಣ. ವೇತನದ ಶೇಕಡ 60 ಎಂದರೆ 7,200. ಆ ವಯಸ್ಸಿನ ಗುಣಕ 207.98, ಗುಣಲಬ್ಧ 14,97,456. ಹಸ್ತನಾಶಕ್ಕೆ ಅನುಸೂಚಿ ಹೇಳುವ ಗಳಿಕೆಯ ನಷ್ಟ ಶೇಕಡ 60. ಆದ್ದರಿಂದ ಸಲ್ಲತಕ್ಕ ಹಣ ಸುಮಾರು 8,98,474 ರೂಪಾಯಿ. ಆಸ್ಪತ್ರೆಯ ಖರ್ಚಿನ ಮೇಲೆ ಐದೋ ಹತ್ತೋ ಸಾವಿರ ಕೈಗಿತ್ತು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಎಷ್ಟು ನಷ್ಟವೆಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಆ ಶೇಕಡಾವಾರೂ ಕಡೆಯ ಮಾತಲ್ಲ. ಒರಿಸ್ಸಾದ ಒಬ್ಬ ಬಡಗಿ ಚಿತ್ರಮಂದಿರವೊಂದರ ಕೆಲಸದಲ್ಲಿ ಬಿದ್ದು ಎಡಗೈಯನ್ನು ಮೊಣಕೈಯ ಮೇಲಿನಿಂದ ಕಳೆದುಕೊಂಡನು. ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದಾದುದರಿಂದ ಅವನದು ಪೂರ್ಣ ಅಶಕ್ತತೆಯೆಂದು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಎತ್ತಿಹಿಡಿಯಿತು. ಹಣವು ಅಪಘಾತವಾದಂದಿನಿಂದಲೇ ಸಲ್ಲತಕ್ಕದ್ದೆಂದೂ ಹೇಳಿತು. ಅಂಗ ಯಾವುದೆಂಬುದಕ್ಕಿಂತ ಆ ಅಂಗದಿಂದ ನಡೆಯುತ್ತಿದ್ದ ಕಾಯಕ ಯಾವುದೆಂಬುದೇ ಇಲ್ಲಿ ಪ್ರಧಾನವಾಯಿತು.

ಇನ್ನೆರಡು ಸಂಗತಿಗಳನ್ನು ಅವಶ್ಯ ತಿಳಿದಿರಬೇಕು. ಮುಕಾದಮನ ಅಥವಾ ಗುತ್ತಿಗೆದಾರನ ಕೈಕೆಳಗೆ ದುಡಿದರೂ, ಕೆಲಸವು ಮೂಲ ಮಾಲಕನ ಉದ್ಯಮದ ಭಾಗವಾಗಿದ್ದರೆ ಅವನನ್ನೇ ಕೇಳಬಹುದು; ಅವನು ಕೊಟ್ಟುದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವನಿಗೆ ಬಿಟ್ಟುದು. ಎರಡನೆಯದಾಗಿ, ಹಕ್ಕನ್ನು ಬಿಟ್ಟುಕೊಡುವಂತೆ ಬರೆಯಿಸಿಕೊಂಡ ಕರಾರು ಶಾಸನದ ಎದುರಿಗೆ ಶೂನ್ಯ.

ಅಪಘಾತವಾದೊಡನೆ ಮಾಲಕನಿಗೆ ಲಿಖಿತ ಸೂಚನೆ ಕೊಡಬೇಕು. ಆಸ್ಪತ್ರೆಯ ಚೀಟಿ, ಕೂಲಿಯ ದಾಖಲೆ, ಹಾಜರಿ, ಕಣ್ಣಾರೆ ಕಂಡವರ ಹೆಸರು ಇವನ್ನು ಜೋಪಾನವಾಗಿಡಬೇಕು. ಅರ್ಜಿಗೆ ಹಳೆಯ ಕಾಯ್ದೆ ಎರಡು ವರ್ಷಗಳ ಅವಧಿಯನ್ನು ಇಟ್ಟಿತ್ತು. ಸಾಕ್ಷ್ಯ ಮಾಸುವ ಮುನ್ನವೇ ಸಲ್ಲಿಸುವುದು ಮೇಲು. ಇದಲ್ಲದೆ, ಅಂಗವೈಕಲ್ಯ ಶೇಕಡ 40ಕ್ಕೆ ಕಡಮೆಯಿಲ್ಲದಿದ್ದರೆ ವೈದ್ಯಕೀಯ ಪ್ರಮಾಣಪತ್ರ ಪಡೆದು ಸರಕಾರದ ಅಂಗವಿಕಲರ ಸೌಲಭ್ಯಗಳನ್ನು ಬೇರೆಯಾಗಿ ಕೋರಬಹುದು. ಗಳಿಕೆಯ ನಷ್ಟದ ಪ್ರಮಾಣ ಬೇರೆ, ಅಂಗವೈಕಲ್ಯದ ಪ್ರಮಾಣ ಬೇರೆ. ಒಂದನ್ನು ಇನ್ನೊಂದೆಂದು ಭ್ರಮಿಸಬಾರದು.

ಕಾಯಕವನ್ನು ಪೂಜ್ಯವೆಂದು ಬಗೆದ ನಾಡಿನಲ್ಲಿ ಕಾಯಕದಿಂದ ಮುರಿದುಬಿದ್ದ ಕಾಯವನ್ನು ಕಡೆಗಣಿಸುವುದು ಸಲ್ಲದು. ಅಕ್ಷರ ಬಲ್ಲ ಶಿಕ್ಷಕನೊಬ್ಬ ಅರ್ಜಿ ಬರೆದುಕೊಡಬಲ್ಲ. ವಕೀಲಿ ಕಲಿತ ಹಳೆಯ ವಿದ್ಯಾರ್ಥಿ ದಾರಿ ತೋರಬಲ್ಲ. ಉದ್ಯಮ ನಡೆಸುವ ದಾನಿ ತನ್ನಲ್ಲಿ ದುಡಿಯುವವರಿಗೆ ವಿಮೆ ಮಾಡಿಸಿ, ಹಾಜರಿಯನ್ನು ಸರಿಯಾಗಿ ಬರೆಯಿಸಬಲ್ಲ. ಸಲ್ಲತಕ್ಕದ್ದನ್ನು ಸಲ್ಲಿಸಿದ ಮೇಲೆಯೇ ದಾನಕ್ಕೆ ಶೋಭೆ.