ಮಗುವಿನ ಆಟದ ಹಿಟ್ಟಿನಲ್ಲಿ ಉಪ್ಪೆಷ್ಟು?

ಚಪಾತಿ ಒತ್ತುವ ತಾಯಿಯ ಸೆರಗು ಹಿಡಿದು ‘ನಂಗೂ ಒಂದು ಉಂಡೆ ಕೊಡಮ್ಮಾ’ ಎಂದು ಕಾಡದ ಮಗುವಿಲ್ಲ. ಕೊಟ್ಟರೆ ಅದು ಒಂದು ಗಳಿಗೆ ಹಾವು, ಇನ್ನೊಂದು ಗಳಿಗೆ ಗಣೇಶ. ಹಿಸುಕಿ, ಹೊಸೆದು, ಚಿವುಟುವ ಈ ಆಟದಿಂದ ಬೆರಳುಗಳ ಪುಟ್ಟ ಸ್ನಾಯುಗಳು ಬಲಗೊಳ್ಳುತ್ತವೆ. ನಾಳೆ ಬಳಪ ಹಿಡಿಯಲು, ಅಂಗಿಯ ಗುಂಡಿ ಹಾಕಿಕೊಳ್ಳಲು ಇದೇ ತಯಾರಿ. ಆದ್ದರಿಂದ ಬೇಡವೆನ್ನಬೇಡಿ.

ಅಂಗಡಿಯ ಬಣ್ಣದ ಹಿಟ್ಟಿನ ಬದಲು ಮನೆಯಲ್ಲೇ ಮಾಡುವವರಿದ್ದಾರೆ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ನೀರು, ಎಣ್ಣೆ ಎಂಬುದು ಸಾಮಾನ್ಯವಾಗಿ ಹೇಳುವ ಅಳತೆ. ಎಲ್ಲವೂ ಅಡುಗೆಮನೆಯ ಸಾಮಾನು, ತಿಂದರೇನು ಎಂದು ನೀವು ಕೇಳಬಹುದು. ಹಿಟ್ಟು ಕೆಡದಿರಲೆಂದು ಹಾಕುವ ಉಪ್ಪೇ ಇಲ್ಲಿ ತೊಂದರೆ. ಈ ಅಳತೆಯ ಹಿಟ್ಟಿನಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಉಂಡೆಗೆ ಸುಮಾರು 5 ಗ್ರಾಂ ಉಪ್ಪು ಇರುತ್ತದೆ. ದೊಡ್ಡವರೇ ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತು ಕಿಲೋ ತೂಕದ ಮಗು ಇಂಥ ಎರಡು ಮೂರು ಉಂಡೆ ನುಂಗಿದರೆ ರಕ್ತದಲ್ಲಿ ಸೋಡಿಯಂ ಏರಿ, ಮೆದುಳಿನ ಜೀವಕೋಶಗಳಿಂದ ನೀರು ಹೊರಬರತೊಡಗುತ್ತದೆ. ವಿಪರೀತ ದಾಹ, ವಾಂತಿ, ಮಂಪರು, ಫಿಟ್ಸ್ ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು.

ಉಪ್ಪೆಂದು ಬಹಳಷ್ಟು ಮಕ್ಕಳು ಉಗುಳುತ್ತಾರೆ, ನಿಜ. ಆದರೆ ಮಣ್ಣು, ಸುಣ್ಣ ತಿನ್ನುವ ಚಟದ ಮಕ್ಕಳ ವಿಷಯದಲ್ಲಿ ಈ ಭರವಸೆ ಬೇಡ. (ಅಂಥ ಮಗುವಿಗೆ ಒಮ್ಮೆ ರಕ್ತಹೀನತೆಯ ಪರೀಕ್ಷೆ ಮಾಡಿಸಿ.)

ಉಪ್ಪಿಲ್ಲದೆಯೂ ಹಿಟ್ಟಾಗುತ್ತದೆ. ಒಂದು ಲೋಟ ಮೈದಾ, ಒಂದು ಲೋಟ ನೀರು, ಒಂದು ಚಮಚ ಎಣ್ಣೆ, ಅರ್ಧ ಹೋಳು ನಿಂಬೆರಸವನ್ನು ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಮುದ್ದೆ ತಿರುವಿದಂತೆ ತಿರುವಿ. ತಳ ಬಿಟ್ಟು ಉಂಡೆಯಾದಾಗ ಇಳಿಸಿ, ಆರಿದ ಮೇಲೆ ನಾದಿ. ಹಸಿ ಹಿಟ್ಟಿನಲ್ಲಿ ಭೇದಿ ತರುವ ರೋಗಾಣುಗಳಿರಬಹುದಾದ್ದರಿಂದ ಬೇಯಿಸುವುದು ಮುಖ್ಯ. ಅಂದಂದಿಗೆ ಬೇಕಾದಷ್ಟೇ ಮಾಡಿ. ಮೂರು ವರ್ಷದೊಳಗಿನವರಿಗೆ ಆರಿದ ರಾಗಿಮುದ್ದೆಯೇ ಸಾಕು, ನೀವು ಪಕ್ಕದಲ್ಲಿರಬೇಕು ಅಷ್ಟೆ. ‘ಉಣ್ಣೋ ಮುದ್ದೇಲಿ ಆಟವೇ’ ಎಂದು ಅಜ್ಜಿ ಗದರಿದರೆ, ಸಂಜೆ ಅದನ್ನು ಹಸುವಿನ ಕಲಗಚ್ಚಿಗೆ ಹಾಕಿ, ಅವರೂ ಒಪ್ಪುತ್ತಾರೆ.

ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ರಸ, ಮನೆಯಲ್ಲಿ ಕುಟ್ಟಿದ ಅರಿಶಿನ ಸಾಕು. ರಂಗೋಲಿ ಪುಡಿ, ಕುಂಕುಮ, ಹೋಳಿ ಬಣ್ಣ ಖಂಡಿತ ಬೇಡ. ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬೆರೆಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಅಂಥ ಬಟ್ಟೆಯ ಬಣ್ಣಗಳು ಮಗುವಿನ ಬೆರಳಿಗೂ ಬೇಡ.

ಮಗು ಉಪ್ಪಿನ ಹಿಟ್ಟು ತಿಂದುಬಿಟ್ಟರೆ? ಏನು ನುಂಗಿದರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಅಭ್ಯಾಸ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಯಾವಾಗಲೂ ಅದು ತಪ್ಪು. ಇಲ್ಲಂತೂ ವಿಷದ ಮೇಲೆ ಮತ್ತಷ್ಟು ವಿಷ. ಬಾಯಿ ಒರೆಸಿ. ಎಚ್ಚರವಿದ್ದರೆ ಬರೀ ನೀರನ್ನು ಗುಟುಕು ಗುಟುಕಾಗಿ ಕೊಡಿ. ಹೆಚ್ಚು ತಿಂದಿದ್ದರೆ ಲಕ್ಷಣಗಳಿಗೆ ಕಾಯಬೇಡಿ. ಹುತ್ತೂರು ಕಡೆಯವರು 108ಕ್ಕೆ ಕರೆ ಮಾಡಿ ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ಉಳಿದ ಹಿಟ್ಟನ್ನೂ ಜೊತೆಗೆ ಒಯ್ದು, ಎಷ್ಟು ಉಪ್ಪು ಹಾಕಿದ್ದಿರಿ ಎಂಬುದನ್ನು ವೈದ್ಯರಿಗೆ ಹೇಳಿ.