ಹದಿಹರೆಯದವರಲ್ಲಿ ಮರುಕಳಿಸುವ ಅತಿಸಾರ: ಹಿರಿಯರು ತಿಳಿದಿರಬೇಕಾದ ವಿಷಯಗಳು

ಹದಿಹರೆಯವು ಬೆಳವಣಿಗೆಯ ಕಾಲ. ನಾಚಿಕೆಯ ಕಾಲವೂ ಹೌದು. ಜ್ವರ ಬಂದರೆ ತಾಯಿಯೊಡನೆ ಹೇಳುವ ಮಕ್ಕಳು ಹೊಟ್ಟೆ ಕೆಟ್ಟ ವಿಷಯವನ್ನು ಹೇಳಲು ಹಿಂಜರಿಯುತ್ತಾರೆ. ಹೀಗೆ ಮುಚ್ಚಿಟ್ಟ ಕಾಯಿಲೆ ದೇಹವನ್ನೂ ವಿದ್ಯೆಯನ್ನೂ ಕುಂದಿಸುತ್ತದೆ. ಕಾಸರಗೋಡಿನ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಂದೆತಾಯಂದಿರು, ಅಜ್ಜ ಅಜ್ಜಿಯರು. ಆದುದರಿಂದ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸುವುದು ಉಚಿತವೆಂದು ಭಾವಿಸಿದ್ದೇನೆ.

ದಿನಕ್ಕೆ 3 ಅಥವಾ ಅದಕ್ಕಿಂತ ಹೆಚ್ಚು ಬಾರಿ ಮಲವು ನೀರಾಗಿ ಹೋದರೆ ಅದನ್ನು ಅತಿಸಾರ ಅಥವಾ ಭೇದಿ ಎನ್ನುತ್ತಾರೆ. ಬಹುಪಾಲು ಭೇದಿ ಸೋಂಕಿನಿಂದ ಬಂದು ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ಆದರೆ 14 ದಿನ ಕಳೆದರೂ ನಿಲ್ಲದಿದ್ದರೆ, ಅಥವಾ ನಿಂತು ನಿಂತು ಮರುಕಳಿಸುತ್ತಿದ್ದರೆ, ವೈದ್ಯರು ಕಾರಣವನ್ನು ಹುಡುಕಲೇಬೇಕು. 4 ವಾರ ಮೀರಿದುದು ದೀರ್ಘಕಾಲದ ಅತಿಸಾರವೆನಿಸುತ್ತದೆ.

ಕಾರಣಗಳು ಹಲವು. ಮಳೆಗಾಲದಲ್ಲಿ ಶೌಚಗುಂಡಿಯ ಕೊಳೆ ಬಾವಿಯ ನೀರಿಗೆ ಸೇರಿದರೆ ಅಮೀಬಾ, ಜಿಯಾರ್ಡಿಯಾದಂತಹ ಪರೋಪಜೀವಿಗಳು ಕರುಳನ್ನು ಸೇರಬಹುದು. ಕೆಲವರಿಗೆ ಹಾಲಿನಲ್ಲಿರುವ ಸಕ್ಕರೆ ಜೀರ್ಣವಾಗದು. ಕೆಲವರ ಕರುಳಿಗೆ ಗೋಧಿ ಒಗ್ಗದು. ಕರುಳಿನ ಉರಿಯೂತ, ಕರುಳಿನ ಕ್ಷಯ, ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ ಇವೂ ಕಾರಣವಾಗಬಲ್ಲವು.

ಪರೀಕ್ಷೆಯ ದಿನಗಳಲ್ಲಿ ಮಾತ್ರ ಹೊಟ್ಟೆ ಕೆಡುವ ಮಕ್ಕಳೂ ಇದ್ದಾರೆ. ಮಿದುಳಿಗೂ ಕರುಳಿಗೂ ನರಗಳ ನಿಕಟ ಸಂಬಂಧವಿರುವುದರಿಂದ ಮನಸ್ಸಿನ ಕಳವಳವು ಕರುಳನ್ನು ಕೆರಳಿಸುತ್ತದೆ. ಇದನ್ನು ನೆಪವೆಂದು ಗದರಿಸುವುದು ಸಲ್ಲದು. ಇಂತಹ ತೊಂದರೆ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸುವುದಿಲ್ಲ, ತೂಕವನ್ನೂ ಇಳಿಸುವುದಿಲ್ಲ. ರಾತ್ರಿ ಎದ್ದು ಓಡಬೇಕಾಗುವುದು, ತೂಕ ಇಳಿಯುವುದು, ಎತ್ತರ ಹೆಚ್ಚದಿರುವುದು, ಪ್ರಾಯಕ್ಕೆ ಬರುವುದು ತಡವಾಗುವುದು, ರಕ್ತಹೀನತೆ, ಕೀಲುನೋವು, ಪದೇ ಪದೇ ಜ್ವರ ಇವು ಕಂಡರೆ ಕೇವಲ ಭಯವೆಂದು ತಳ್ಳಿಹಾಕದೆ ಪರೀಕ್ಷೆ ಮಾಡಿಸಬೇಕು. ಎಷ್ಟು ದಿನದಿಂದ, ಯಾವ ಆಹಾರದ ಅನಂತರ, ದಿನಕ್ಕೆ ಎಷ್ಟು ಬಾರಿ ಎಂಬುದನ್ನು ಬರೆದುಕೊಂಡು ಹೋದರೆ ವೈದ್ಯರಿಗೆ ಅನುಕೂಲ.

ಒಂದು ದಿನವೂ ಕಾಯಬಾರದ ಲಕ್ಷಣಗಳು ಬೇರೆ ಇವೆ. ಮಲದಲ್ಲಿ ರಕ್ತ, ಜೋರಾದ ಜ್ವರ, ತಡೆಯಲಾರದ ಹೊಟ್ಟೆನೋವು, ನಿಲ್ಲದ ವಾಂತಿ, ಒಣಗಿದ ನಾಲಿಗೆ, ಗುಳಿಬಿದ್ದ ಕಣ್ಣು, ಮೂತ್ರ ತೀರ ಕಡಿಮೆಯಾಗುವುದು, ಮಂಪರು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. 2022ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಹೊರಗಿನ ಆಹಾರ ಸೇವಿಸಿದ ಅನೇಕರು ಅಸ್ವಸ್ಥರಾದರು. 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟಳು. ಷಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಎಳೆಯ ದೇಹ ಎಲ್ಲವನ್ನೂ ತಾಳಿಕೊಳ್ಳುತ್ತದೆಂಬ ನಂಬಿಕೆ ಸರಿಯಲ್ಲ.

ಭೇದಿಯಲ್ಲಿ ಮೊದಲ ಅಪಾಯ ದೇಹದ ನೀರು, ಲವಣಗಳು ನಷ್ಟವಾಗುವುದು. ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಆಗಾಗ ಕುಡಿಸಬೇಕು. ಅದು ಸಿಗದಾಗ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಸೇರಿಸಬಹುದು. ಚಮಚದ ಅಳತೆ ಮಟ್ಟಸವಾಗಿರಲಿ. ಉಪವಾಸ ಹಾಕದೆ ಗಂಜಿ, ಅನ್ನ ಕೊಡಬೇಕು. ವೈದ್ಯರ ಸಲಹೆಯಿಲ್ಲದೆ ಆಂಟಿಬಯಾಟಿಕ್ ಕೊಡಬಾರದು. ರಕ್ತಭೇದಿ ಅಥವಾ ಜ್ವರವಿರುವಾಗ ಭೇದಿ ಕಟ್ಟುವ ಮಾತ್ರೆಯನ್ನು ಸ್ವತಃ ಕೊಡುವುದು ಅಪಾಯಕರ.

ಅಧ್ಯಾಪಕರಿಗೂ ಇಲ್ಲಿ ಹೊಣೆಯಿದೆ. ಹಾಜರಿ ಪುಸ್ತಕದಲ್ಲಿ ಒಂದೇ ಹೆಸರಿನ ಮುಂದೆ ಗೈರುಹಾಜರಿ ಹೆಚ್ಚುತ್ತಿದ್ದರೆ ಏಕಾಂತದಲ್ಲಿ ವಿಚಾರಿಸಬೇಕು. ತರಗತಿಯ ನಡುವೆ ಶೌಚಾಲಯಕ್ಕೆ ಹೋಗಬೇಕೆಂದ ವಿದ್ಯಾರ್ಥಿಯನ್ನು ಕಾರಣ ಕೇಳದೆ ಕಳುಹಿಸಬೇಕು. ಮನೆಯಲ್ಲಿ ತಂದೆತಾಯಂದಿರು “ಹೊಟ್ಟೆ ಸರಿಯಿದೆಯೇ?” ಎಂದು ಸಹಜವಾಗಿ ಕೇಳುವ ರೂಢಿಯಿಟ್ಟುಕೊಂಡರೆ ಮಕ್ಕಳು ಮುಚ್ಚಿಡುವುದಿಲ್ಲ. ಸಕಾಲದಲ್ಲಿ ಬಾಯಿಬಿಟ್ಟು ಹೇಳಿದ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯುಂಟು. ಹೇಳುವಷ್ಟು ಧೈರ್ಯವನ್ನು ಅವರಿಗೆ ಕೊಡಬೇಕಾದವರು ಹಿರಿಯರಾದ ನಾವು.